ತೋಟದ ಕೆಲಸವೂ ವಿದ್ಯೆಯೇ

ನಮ್ಮ ಸಂಸಾರಗಳಲ್ಲಿ ಮಕ್ಕಳ ವಿದ್ಯಾಭ್ಯಾಸದ ಮಾತು ಬಂದಾಗ ಹಿರಿಯರ ಬಾಯಲ್ಲಿ ಬರುವುದು ಎರಡು ಮೂರು ಉದ್ಯೋಗಗಳ ಹೆಸರು ಮಾತ್ರ. ವೈದ್ಯನಾಗಲಿ, ಇಂಜಿನಿಯರಾಗಲಿ, ಅದೂ ಇಲ್ಲದಿದ್ದರೆ ಕಂಪ್ಯೂಟರಿನ ಮುಂದೆ ಕುಳಿತು ಸಂಪಾದಿಸುವವನಾಗಲಿ ಎಂದು ಹಾರೈಸುವರು. ಈ ಹಾರೈಕೆ ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಹಾಗೆ ಹಾರೈಸುತ್ತಿರುವ ಹೊತ್ತಿನಲ್ಲಿಯೇ ಊಟದ ಎಲೆಯ ಮೇಲೆ ಬಡಿಸಿರುವ ಹುರುಳಿಕಾಯಿಯ ಪಲ್ಯ, ಸೀಮೆಬದನೆಯ ಕೂಟು, ಕಡೆಯಲ್ಲಿ ಬರುವ ಮಾವಿನಹಣ್ಣಿನ ಸೀಕರಣೆ, ಇವು ಯಾರ ವಿದ್ಯೆಯಿಂದ ನಮ್ಮ ಎಲೆಗೆ ಬಂದವೆಂದು ಕೇಳುವವರು ಅಪೂರ್ವ. ಬೆಳೆದವನು ರೈತನೆಂಬುದು ನಿಜವಷ್ಟೆ. ಆ ರೈತನ ಕೈಗೆ ಒಳ್ಳೆಯ ಬೀಜವನ್ನೂ ಕಸಿಯ ಸಸಿಯನ್ನೂ ರೋಗದ ಮದ್ದನ್ನೂ ಮುಟ್ಟಿಸುವ ಕೆಲಸವೊಂದುಂಟು. ಅದನ್ನೇ ಜೀವನೋದ್ಯೋಗವಾಗಿ ಹಿಡಿದ ಜನರೂ ಉಂಟು. ಅವರ ವಿಚಾರವಾಗಿ ನಾಲ್ಕು ಮಾತು ಬರೆಯುವುದು ಈ ಲೇಖನದ ಉದ್ದೇಶ.

ಬರೆಯುವುದಕ್ಕೆ ಕಾರಣವೂ ಇದೆ. ನಾವು ವಾಸವಾಗಿರುವ ಬೈಯಪ್ಪನಹಳ್ಳಿಯಲ್ಲಿ ನಮ್ಮ ನೆರೆಯವರ ಮಗಳು ಪಿ.ಯು.ಸಿ. ತೇರ್ಗಡೆ ಹೊಂದಿ, ತೋಟಗಾರಿಕೆಯ ಪದವಿಗೆ ಸೇರುವೆನೆಂದು ಹಟ ಹಿಡಿದಳು. ಅವಳ ತಂದೆ ನಮ್ಮಲ್ಲಿಗೆ ಬಂದು, “ನೀವಾದರೂ ಬುದ್ಧಿ ಹೇಳಿ, ಸಾರ್. ಮಣ್ಣು ಕೆದಕುವುದಕ್ಕೆ ನಾಲ್ಕು ವರ್ಷ ಓದಬೇಕೆ?” ಎಂದು ಕೇಳಿದರು. ಬುದ್ಧಿ ಹೇಳಬೇಕಾದದ್ದು ಯಾರಿಗೆಂದು ನಮಗೆ ಸಂದೇಹವಾಯಿತು. ಇಂತಹ ತಂದೆತಾಯಿಗಳು ಮನೆಮನೆಯಲ್ಲಿಯೂ ಇರುವರಾದಕಾರಣ ಅವರಿಗೆ ಹೇಳಿದುದನ್ನೇ ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇವೆ.

ಬೈಯಪ್ಪನಹಳ್ಳಿಯು ಬೆಂಗಳೂರಿನ ದಂಡಿನ ಪ್ರದೇಶದಿಂದ ಪೂರ್ವಕ್ಕೆ ಹೊರಟ ಹಳೆಯ ಮದರಾಸು ರಸ್ತೆಯ ಮೇಲಿದೆ. ಅದೇ ದಾರಿಯಲ್ಲಿ ಮುಂದುವರಿದರೆ ಕೃಷ್ಣರಾಜಪುರ, ಹೊಸಕೋಟೆ, ಕೋಲಾರ, ಮುಳುಬಾಗಿಲು ಎಂದು ಊರುಗಳು ಸಾಲಾಗಿ ಬರುವುವು. 1970ರ ದಶಕದ ಮೊದಲಲ್ಲಿ ತೋಟಗಾರಿಕೆಯ ಇಲಾಖೆಗೆ ಸೇರಿದ ನಮ್ಮ ನೌಕರಿಯ ಬಹುಭಾಗವು ಈ ರಸ್ತೆಯ ಎಡಬಲದ ಹಳ್ಳಿಗಳಲ್ಲಿಯೇ ಸವೆಯಿತು. ಮೊದಲು ಬೈಸಿಕಲ್ಲು, ಆಮೇಲೆ ಬಸ್ಸು, ಕಡೆಗಾಲದಲ್ಲಿ ಜೀಪು. ವಾಹನ ಬದಲಾಯಿಸಿತು, ಕೆಲಸ ಬದಲಾಯಿಸಲಿಲ್ಲ. ತಿಳಿದವರಿಂದ ತಿಳಿದುಕೊಂಡು, ಬೇಕಾದವರ ಹೊಲದವರೆಗೆ ಹೋಗಿ ಹೇಳುವುದು, ಹೇಳಿದ್ದು ಫಲಿಸಿತೇ ಇಲ್ಲವೇ ಎಂದು ಮತ್ತೆ ಹೋಗಿ ನೋಡುವುದು. ಸರ್ಕಾರದ ಕಾಗದಗಳಲ್ಲಿ ಇದಕ್ಕೆ ‘ವಿಸ್ತರಣೆ’ ಎಂದು ಹೆಸರು.

ಈ ವಿಸ್ತರಣೆಯು ನಿನ್ನೆ ಮೊನ್ನೆ ಹುಟ್ಟಿದುದಲ್ಲ. 1809ರಲ್ಲಿ ಆಂಗ್ಲರು ಇಲ್ಲಿ ದಂಡನ್ನು ಸ್ಥಾಪಿಸಿದ ಮೇಲೆ ಸೈನಿಕರ ಮತ್ತು ಅಧಿಕಾರಿಗಳ ಊಟಕ್ಕೆ ಕೋಸು, ಗಜ್ಜರಿ, ಹೂಕೋಸು ಮೊದಲಾದ ಸೀಮೆಯ ತರಕಾರಿಗಳು ಬೇಕಾದವು. ನಗರದ ಸುತ್ತಣ ಕೆರೆಗಳ ಕೆಳಗೆ ತಲೆತಲಾಂತರದಿಂದ ಹೂವು ತರಕಾರಿಗಳನ್ನು ಬೆಳೆಯುತ್ತಿದ್ದ ತಿಗಳ ಜನಾಂಗದವರೂ ಇತರ ತೋಟಗಾರರೂ ಈ ಹೊಸ ಬೆಳೆಗಳನ್ನು ಕಲಿತುಕೊಂಡರು. ಶಿವಾಜಿನಗರದಲ್ಲಿ 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಯಲ್ಲಿ ಇಂದಿಗೂ ಆ ತರಕಾರಿಗಳನ್ನು ಕಾಣಬಹುದು. ಸಾಹೇಬರಿಗಾಗಿ ಬೆಳೆದುದು ಒಂದೆರಡು ತಲೆಮಾರಿನೊಳಗೆ ನಮ್ಮ ಸಾರು ಹುಳಿಗಳಿಗೆ ಬಂದು ಸೇರಿಕೊಂಡಿತು.

ಸೀಮೆಬದನೆಯ ಕಥೆಯೂ ಹೀಗೆಯೇ. ಅದು ಮೂಲತಃ ಅಮೆರಿಕ ಖಂಡದ ಮೆಕ್ಸಿಕೋ ಸೀಮೆಯ ಬಳ್ಳಿ. ಅದನ್ನು ಇಲ್ಲಿ ಬೆಳೆಸಿ ಹರಡಿದವರು 1874ರಿಂದ 1908ರವರೆಗೆ ಲಾಲ್‌ಬಾಗಿನ ಅಧಿಕಾರಿಯಾಗಿದ್ದ ಜಾನ್ ಕ್ಯಾಮರನ್. ಹಲಸೂರಿನ ತಮಿಳು ಮನೆಗಳಲ್ಲಿ ಈ ಕಾಯಿಗೆ ‘ಬೆಂಗಳೂರು ಕತ್ತರಿಕಾಯಿ’ ಎಂದೇ ಹೆಸರು. ಎಲ್ಲಿಯದೋ ಬಳ್ಳಿ ಒಂದು ತೋಟದ ಮೂಲಕ ಬಂದು ನಮ್ಮ ಊರಿನ ಹೆಸರನ್ನೇ ಹೊತ್ತುಕೊಂಡಿತು. ಕ್ಯಾಮರನ್ನರ ತರುವಾಯ ಅದೇ 1908ರಲ್ಲಿ ಬಂದವರು ಜರ್ಮನಿಯ ಕ್ರುಂಬಿಗಲ್. 1932ರವರೆಗೆ ಅವರ ಅಧಿಕಾರ ನಡೆಯಿತು. ಋತುವಿಗೊಂದು ಮರ ಹೂ ಬಿಡುವಂತೆ ಬೀದಿಗಳಿಗೆ ಸಾಲುಮರಗಳನ್ನು ಯೋಜಿಸಿದ ಕೀರ್ತಿ ಅವರದು. ಅವರಾದ ಮೇಲೆ ಆ ಸ್ಥಾನಕ್ಕೆ ಬಂದ ಮೊದಲನೆಯ ಭಾರತೀಯರು ಎಚ್. ಸಿ. ಜವರಾಯರು. ಹೆಸರಘಟ್ಟದಲ್ಲಿ 1938ರಲ್ಲಿ ಹಣ್ಣಿನ ಬೆಳೆಗಳ ಸಂಶೋಧನೆಗೆ ಕೇಂದ್ರವಾದುದು ಇವರ ಶ್ರಮದಿಂದ. ಅನಂತರ 1967ರಲ್ಲಿ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ಹುಟ್ಟಿ ಅದೇ ಹೆಸರಘಟ್ಟದಲ್ಲಿ ಬೆಳೆಯಿತು. ಹಳದಿ ನರದ ರೋಗಕ್ಕೆ ಬೇಗ ಸೋಲದ ‘ಅರ್ಕ ಅನಾಮಿಕ’ವೆಂಬ ಬೆಂಡೆಯು ಆ ಸಂಸ್ಥೆಯ ಕೊಡುಗೆ. ಗೃಹಿಣಿಯರು ಎಳೆಯ ಹಸುರು ಬೆಂಡೆಯ ತುದಿ ಮುರಿದು ನೋಡಿ ಆರಿಸುವಾಗ ಈ ಹೆಸರನ್ನು ತಿಳಿದಿರಬೇಕಾದ ಆವಶ್ಯಕತೆಯಿಲ್ಲ. ಆದರೆ ಆ ಹೆಸರಿನ ಹಿಂದೆ ಹಲವರ ಹಲವು ವರ್ಷಗಳ ದುಡಿಮೆಯಿದೆ.

ಇಷ್ಟಾದರೂ ಲಾಲ್‌ಬಾಗಿನಲ್ಲಿ ಗಿಡ ಚೆನ್ನಾಗಿ ಬೆಳೆದ ಮಾತ್ರಕ್ಕೆ ಮಾಲೂರಿನ ರೈತನಿಗೆ ಲಾಭವಾಗುವುದಿಲ್ಲ. ತಿಳಿವಳಿಕೆಯು ತೋಟದ ಬೇಲಿಯನ್ನು ದಾಟಿ ಹೊರಗೆ ಹೋಗಬೇಕು. ಇದಕ್ಕೆ ಮಲೆನಾಡಿನಿಂದ ಒಂದು ದೃಷ್ಟಾಂತವನ್ನು ಹೇಳುವೆವು.

ಅಡಕೆಯ ತೋಟಗಳಿಗೆ ಕೊಳೆರೋಗವು ಹಳೆಯ ಶತ್ರು. ಜಡಿಮಳೆ ಹಿಡಿದಾಗ ಎಳೆಯ ಕಾಯಿಗಳು ಕೊಳೆತು ಉದುರಿಹೋಗುವುವು. ಕೆಲವು ವಾರಗಳಲ್ಲಿ ವರುಷದ ಬೆಳೆಯೇ ನೆಲದ ಪಾಲು. ಹಿಂದಿನವರು ಗೊನೆಗಳಿಗೆ ಮಳೆ ಹೊಡೆಯದಂತೆ ಹಾಳೆಯಿಂದ ಮಾಡಿದ ಕೊಟ್ಟೆಗಳನ್ನು ಕಟ್ಟುತ್ತಿದ್ದರು. ಒಂದೊಂದು ಮರವನ್ನೂ ಹತ್ತಿ ಕಟ್ಟಬೇಕಾದ ಶ್ರಮ ಎಷ್ಟೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ನರು ಈ ರೋಗವನ್ನು ಪರಿಶೀಲಿಸಿ, ಇದು ದೈವಕೋಪವೂ ಅಲ್ಲ, ಬರಿಯ ಮಳೆಯ ದೋಷವೂ ಅಲ್ಲ, ಕಣ್ಣಿಗೆ ಕಾಣದ ಒಂದು ಜಾತಿಯ ಬೂಷ್ಟೆಂದು ತೋರಿಸಿ 1910ರಲ್ಲಿ ವರದಿಯನ್ನು ಪ್ರಕಟಿಸಿದರು. ಮದ್ದು ಯಾವುದೆಂದರೆ ಬೋರ್ಡೋ ದ್ರಾವಣ. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿಯ ತೋಟಗಳಲ್ಲಿ 1880ರ ದಶಕದಲ್ಲಿ ಕಂಡುಹಿಡಿದ ಈ ಮದ್ದು ನಮ್ಮ ಅಡಕೆಯನ್ನು ಕಾಪಾಡಿತು. ನಮ್ಮ ಸೀಮೆಯ ದ್ರಾಕ್ಷಿಯ ಚಪ್ಪರಗಳಲ್ಲಿಯೂ ಇದರ ಉಪಯೋಗವುಂಟು.

ಅದನ್ನು ಮಾಡುವ ಕ್ರಮ ಬಹು ಸುಲಭ. ಒಂದು ಕಿಲೋ ಮೈಲುತುತ್ತವನ್ನು ಐವತ್ತು ಲೀಟರು ನೀರಿನಲ್ಲಿಯೂ, ಒಂದು ಕಿಲೋ ಸುಣ್ಣವನ್ನು ಬೇರೆ ಐವತ್ತು ಲೀಟರು ನೀರಿನಲ್ಲಿಯೂ ಕರಗಿಸಿ, ಸುಣ್ಣದ ತಿಳಿಗೆ ತುತ್ತದ ನೀರನ್ನು ಮೆಲ್ಲಗೆ ಸುರಿಯುತ್ತ ಕಲಕಬೇಕು. ಪಾತ್ರೆಯು ಮಣ್ಣಿನದೋ ಮರದ್ದೋ ಪ್ಲಾಸ್ಟಿಕ್ಕಿನದೋ ಆಗಿರಬೇಕು; ಕಬ್ಬಿಣವಾಗಕೂಡದು. ಆಮೇಲೆ ಹೊಳೆಯುವ ಚಾಕುವೊಂದನ್ನು ಅದರಲ್ಲಿ ಅದ್ದಿ ನೋಡತಕ್ಕದ್ದು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದೆಂದು ಅರ್ಥ. ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು. ಹಾಗೆಯೇ ಹೊಡೆದರೆ ಎಲೆ ಸುಟ್ಟುಹೋಗುವುದು. ಮಳೆಗಾಲ ಹಿಡಿಯುವ ಮೊದಲೇ ಒಂದು ಸಲ, ಸುಮಾರು ನಲವತ್ತು ದಿನಗಳ ತರುವಾಯ ಮತ್ತೊಂದು ಸಲ ಸಿಂಪಡಿಸಬೇಕು.

ಇಲ್ಲಿಯೇ ಈ ಉದ್ಯೋಗದ ಮರ್ಮವಿದೆ. ಮದ್ದಿನ ಹೆಸರು ತಿಳಿಸುವುದು ಅರ್ಧ ನಿಮಿಷದ ಕೆಲಸ. ರೋಗವೇ ಕಾಣದಿರುವಾಗ ಹಣ ಖರ್ಚು ಮಾಡಿ ಮದ್ದು ಹೊಡೆಯಬೇಕೆಂದು ರೈತನನ್ನು ಒಪ್ಪಿಸುವುದು, ಚಾಕುವನ್ನು ಅದ್ದಿ ನೋಡುವ ಅಭ್ಯಾಸವನ್ನು ಅವನ ಕೈಗೆ ಹತ್ತಿಸುವುದು, ಇದು ವರ್ಷಗಳ ಕೆಲಸ. ಉಪನ್ಯಾಸದಿಂದ ಇದು ಆಗುವುದಿಲ್ಲ. ರೈತನು ಕೇಳಿದ್ದನ್ನು ನಂಬುವುದಿಲ್ಲ. ನೋಡಿದ್ದನ್ನು ನಂಬುವನು, ಅದೂ ನೆರೆಯವನ ಹೊಲದಲ್ಲಿ ನೋಡಿದ್ದನ್ನು. ಅವನನ್ನು ಹಟಮಾರಿಯೆಂದು ಬಯ್ಯುವವರು ಒಂದು ಸಂಗತಿಯನ್ನು ಮರೆಯುವರು. ನಮ್ಮ ಸಲಹೆ ಸುಳ್ಳಾದರೆ ನಮಗೆ ಬರುವ ಸಂಬಳ ನಿಲ್ಲುವುದಿಲ್ಲ. ಅವನ ಮನೆಯ ಒಲೆ ಆರುವುದು.

ತೋಟದ ಬೆಳೆಯಲ್ಲಂತೂ ಈ ಅಪಾಯ ಹೆಚ್ಚು. ರಾಗಿಯ ಬೀಜ ಕೆಟ್ಟದ್ದಾದರೆ ಒಂದು ಹಂಗಾಮು ಹೋಯಿತು. ಮುಂದಿನ ಮಳೆಗೆ ಬೇರೆ ಬಿತ್ತಬಹುದು. ಮಾವಿನ ಸಸಿ ಕೆಟ್ಟದ್ದಾದರೆ ಆರೇಳು ವರ್ಷಗಳ ಮೇಲೆ ಅದು ಗೊತ್ತಾಗುವುದು. ನಮ್ಮ ನೌಕರಿಯಲ್ಲಿ ಕಂಡ ಇಂತಹ ಪ್ರಸಂಗವೊಂದನ್ನು ಹೇಳದೆ ಮುಂದೆ ಹೋಗಲಾರೆವು.

ಶ್ರೀನಿವಾಸಪುರದ ಕಡೆ, ಮಾವಿಗೆ ಹೆಸರಾದ ಸೀಮೆಯಲ್ಲಿ, ಗಂಡನನ್ನು ಕಳೆದುಕೊಂಡ ಒಬ್ಬ ಹೆಣ್ಣುಮಗಳು ತನ್ನ ಎರಡು ಎಕರೆ ಖುಷ್ಕಿ ಜಮೀನಿಗೆ ಎಂಬತ್ತು ಸಸಿಗಳನ್ನು ಹಾಕಿಸಿದ್ದಳು. ಬಾದಾಮಿಯ ಕಸಿಯೆಂದು ಹೇಳಿ ಯಾವನೋ ವ್ಯಾಪಾರಿ ಮಾರಿಹೋಗಿದ್ದನು. ಆಕೆ ಬೇಸಿಗೆಯಲ್ಲಿ ಬಿಂದಿಗೆಯಲ್ಲಿ ನೀರು ಹೊತ್ತು ಗಿಡಗಳನ್ನು ಉಳಿಸಿಕೊಂಡಳು. ಸಾಲುಗಳ ನಡುವೆ ಹುರುಳಿ, ಅವರೆ, ನೆಲಗಡಲೆ ಬೆಳೆದು ಹೊಟ್ಟೆ ಹೊರೆದಳು. ಏಳನೆಯ ವರುಷ ಮರಗಳು ಕಾಯಿ ಬಿಟ್ಟವು. ಒಂದೊಂದು ಮರದ ಹಣ್ಣು ಒಂದೊಂದು ರುಚಿ, ಬಹುಪಾಲು ಹುಳಿ, ಎಲ್ಲವೂ ನಾರು. ಕೊಳ್ಳುವವರಿಲ್ಲ. ಅವು ಕಸಿಯ ಸಸಿಗಳೇ ಆಗಿರಲಿಲ್ಲ, ವಾಟೆಯಿಂದ ಹುಟ್ಟಿದವು. ಮಾವಿನ ವಾಟೆಯು ತಾಯಿಮರದ ಗುಣವನ್ನೇ ತರುವುದೆಂಬ ನಿಶ್ಚಯವಿಲ್ಲ. ಬಾದಾಮಿಯ ಗುಣ ಬೇಕಾದರೆ ಬಾದಾಮಿಯ ಕಡ್ಡಿಯನ್ನೇ ಕಸಿ ಮಾಡಬೇಕು.

ಮರಗಳನ್ನು ಬುಡಸಮೇತ ಕಿತ್ತರೆ ಏಳು ವರ್ಷಗಳ ಬೇರು ವ್ಯರ್ಥ. ಆದುದರಿಂದ ಸೊಂಟದೆತ್ತರಕ್ಕೆ ಕತ್ತರಿಸಿ, ಗಾಯಕ್ಕೆ ಬೋರ್ಡೋ ಮದ್ದಿನ ಗಟ್ಟಿ ಸರಿಯನ್ನು ಬಳಿದು, ಅನಂತರ ಹೊರಡುವ ಹೊಸ ಚಿಗುರುಗಳಲ್ಲಿ ನಾಲ್ಕಾರನ್ನು ಉಳಿಸಿಕೊಂಡು ಅವುಗಳಿಗೆ ಒಳ್ಳೆಯ ಬಾದಾಮಿಯ ಕಡ್ಡಿಗಳನ್ನು ಕಸಿ ಕಟ್ಟಬಹುದೆಂದು ಹೇಳಿದೆವು. ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಮಗೀನ ಸಾಕ್ದಂಗೆ ಸಾಕಿವ್ನಿ, ಸಾಮಿ. ಕಾಯಿ ಬಿಡೋ ಮರಾನ ಕಡಿ ಅಂತೀರಲ್ಲ, ನಿಮ್ಮ ಮಾತೂ ಸುಳ್ಳಾದ್ರೆ ನಾನು ಯಾರ್‍ನ ಕೇಳ್ಲಿ?” ಎಂದಳು. ಒಮ್ಮೆ ಮೋಸಹೋದವಳು ಎರಡನೆಯ ಸಲ ನಂಬಬೇಕಾಗಿತ್ತು. ಎಲ್ಲವನ್ನೂ ಕಡಿಯುವುದು ಬೇಡವೆಂದೂ ಮೊದಲು ಹತ್ತು ಮರಗಳಿಗೆ ಮಾತ್ರ ಮಾಡೋಣವೆಂದೂ ಗೊತ್ತಾಯಿತು.

ಹತ್ತು ಮರಗಳಲ್ಲಿ ಎಂಟು ಕಸಿಯನ್ನು ಹಿಡಿದವು. ಎರಡು ವರ್ಷ ನಾವು ಆ ಕಡೆಗೆ ಹೋದಾಗಲೆಲ್ಲ, ಕಸಿಗಿಂತ ಕೆಳಗೆ ಹೊರಟ ಚಿಗುರುಗಳನ್ನು ಚಿವುಟುವುದನ್ನು ಆಕೆ ಬಿಟ್ಟಿಲ್ಲವೆಂಬುದನ್ನು ನೋಡಿ ಬರುತ್ತಿದ್ದೆವು. ಮೂರನೆಯ ಬೇಸಿಗೆಯಲ್ಲಿ ಬಾದಾಮಿಯ ಹಣ್ಣು ಬಂದಿತು, ಒಂದೊಂದು ಮರದಲ್ಲಿ ಬುಟ್ಟಿಯಷ್ಟು. ಹಣ್ಣನ್ನು ಕೊಯ್ದ ವಾರವೇ ಆಕೆ ಉಳಿದ ಮರಗಳಿಗೂ ಗರಗಸ ಹಾಕಿಸಿದಳು. ಆಕೆಯ ನೆರೆಹೊರೆಯಲ್ಲಿ ಇಂತಹ ಹುಳಿಮರಗಳಿದ್ದ ಇನ್ನೂ ನಾಲ್ವರು ನಮ್ಮನ್ನು ಕರೆಸಿದರು. ಕಸಿಯನ್ನು ಅವರ ತೋಟದಲ್ಲಿ ಕಟ್ಟಿದವನು ಇಲಾಖೆಯ ಮಾಲಿಯಲ್ಲ, ಆಕೆಯ ಮಗ. ಅವನು ನಮ್ಮ ಕೈಯನ್ನು ನೋಡಿಯೇ ಕಲಿತುಬಿಟ್ಟಿದ್ದನು. ನಮ್ಮ ನೌಕರಿಯ ದಾಖಲೆಯ ಪುಸ್ತಕದಲ್ಲಿ ಈ ಸಂಗತಿಗೆ ಒಂದು ಸಾಲೂ ಇಲ್ಲ. ಆದರೆ ಇದಕ್ಕಿಂತ ದೊಡ್ಡ ಬಡ್ತಿಯು ನಮಗೆ ದೊರೆತುದಿಲ್ಲ.

ತಿಳಿವಳಿಕೆಯಿಂದ ಬೆಳೆ ಬಂದರೂ ಬೆಲೆ ಬಾರದಿದ್ದರೆ ಫಲವೇನು? ಈ ಪ್ರಶ್ನೆಯನ್ನು ಗಟ್ಟಿಯಾಗಿ ಹಿಡಿದವರು ಡಾ. ಎಂ. ಎಚ್. ಮರಿಗೌಡರು. 1916ರಲ್ಲಿ ಹುಟ್ಟಿ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದು ಬಂದು, 1951ರಲ್ಲಿ ಲಾಲ್‌ಬಾಗಿನ ಅಧಿಕಾರವನ್ನು ವಹಿಸಿಕೊಂಡರು. 1963ರಲ್ಲಿ ತೋಟಗಾರಿಕೆಗೆ ಪ್ರತ್ಯೇಕ ಇಲಾಖೆಯಾದಾಗ ಅದರ ನಿರ್ದೇಶಕರಾಗಿ 1974ರವರೆಗೆ ದುಡಿದರು. ಜಿಲ್ಲೆ ಜಿಲ್ಲೆಗೂ ತೋಟಗಾರಿಕಾ ಕ್ಷೇತ್ರಗಳನ್ನೂ ಸಸ್ಯಾಗಾರಗಳನ್ನೂ ತೆರೆದು, ನೀರಾವರಿಯಿಲ್ಲದ ಒಣನೆಲದಲ್ಲಿಯೂ ಹಣ್ಣಿನ ಗಿಡ ಬೆಳೆಯಬಹುದೆಂಬುದನ್ನು ರೈತರಿಗೆ ತೋರಿಸಿಕೊಟ್ಟರು. ಬೆಂಗಳೂರಿನ ಸುತ್ತ ದ್ರಾಕ್ಷಿ ಬೆಳೆಯುತ್ತಿದ್ದವರ ಪಾಡು ಆಗ ಕಷ್ಟವಾಗಿದ್ದಿತು. ದ್ರಾಕ್ಷಿಯು ಎರಡು ದಿನ ಕಾಯುವ ಹಣ್ಣಲ್ಲ; ಕೊಯ್ದ ಮೇಲೆ ದಲ್ಲಾಳಿ ಹೇಳಿದ್ದೇ ಬೆಲೆ. ಮರಿಗೌಡರ ಪ್ರೇರಣೆಯಿಂದ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವು ಹುಟ್ಟಿತು. ಬರಬರುತ್ತ ಎಲ್ಲ ಹಣ್ಣು ತರಕಾರಿಗಳಿಗೂ ಅದು ವಿಸ್ತರಿಸಿ ಇಂದು ಹಾಪ್‌ಕಾಮ್ಸ್ ಎಂಬ ಹೆಸರಿನಿಂದ ಮನೆಮಾತಾಗಿದೆ. ಬೀದಿಯ ಮೂಲೆಯ ಆ ಮಳಿಗೆಯಲ್ಲಿ ದರದ ಹಲಗೆಯನ್ನು ನೋಡಿ ಅರ್ಧ ಕಿಲೋ ಬೀನ್ಸು ತರುವ ಗೃಹಿಣಿಗೆ ಇದು ಬರಿಯ ಅಂಗಡಿ. ಬೆಳೆದವನಿಗೆ ಅದು ದಲ್ಲಾಳಿಯ ಹೊರತು ಮತ್ತೊಂದು ದಾರಿ.

ಇನ್ನು ತಂದೆತಾಯಿಗಳು ಕೇಳುವ ಪ್ರಶ್ನೆಗಳಿಗೆ ಬರೋಣ. ಮೊದಲನೆಯದು: ಊರಿನ ಸುತ್ತ ಹೊಲಗಳೇ ಇಲ್ಲದಿರುವಾಗ ಈ ಓದಿನಿಂದ ಪ್ರಯೋಜನವೇನು? ಪ್ರಶ್ನೆ ಸಹಜವಾದುದೇ. 1882ರಲ್ಲಿ ಆಂಗ್ಲೋ ಇಂಡಿಯನ್ನರ ಬೇಸಾಯದ ವಸಾಹತಾಗಿ ಹುಟ್ಟಿದ ವೈಟ್‌ಫೀಲ್ಡಿನಲ್ಲಿ ಇಂದು ಬೇಸಾಯವನ್ನು ಹುಡುಕಿಕೊಂಡು ಹೋಗಬೇಕು. ನಮ್ಮ ಬೈಯಪ್ಪನಹಳ್ಳಿಯಲ್ಲಿಯೇ ಎನ್.ಜಿ.ಇ.ಎಫ್. ಕಾರ್ಖಾನೆ ಬಂದಿತು, 2002ರಲ್ಲಿ ಮುಚ್ಚಿತು. 2011ರಲ್ಲಿ ಮೆಟ್ರೋ ಬಂದಿತು. 2022ರಲ್ಲಿ ವಿಶ್ವೇಶ್ವರಯ್ಯನವರ ಹೆಸರಿನ ದೊಡ್ಡ ರೈಲು ನಿಲ್ದಾಣವೂ ತೆರೆಯಿತು. ಆದರೆ ನಗರ ಬೆಳೆದಷ್ಟೂ ಅದರ ಹೊಟ್ಟೆಯೂ ಬೆಳೆಯುವುದು. ಹೊಲವು ದೂರ ಸರಿದಿದೆಯೇ ಹೊರತು ಊಟ ನಿಂತಿಲ್ಲ. ದೂರ ಸರಿದ ಹೊಲದಲ್ಲಿ ನೀರು ಕಡಮೆ, ಕೂಲಿ ಹೆಚ್ಚು, ಮಳೆಯ ಕ್ರಮ ತಪ್ಪಿದೆ. ಅಲ್ಲಿ ತಿಳಿದವರ ಆವಶ್ಯಕತೆಯು ಹಿಂದಿಗಿಂತ ಅಧಿಕ.

ಎರಡನೆಯದು: ಹೆಣ್ಣುಮಗಳು ಬಿಸಿಲಿನಲ್ಲಿ ಹಳ್ಳಿ ಹಳ್ಳಿ ತಿರುಗಬೇಕೆ? ತೋಟಗಾರಿಕೆಯ ಕಾಲೇಜುಗಳಲ್ಲಿ ಈಗ ಹೆಣ್ಣುಮಕ್ಕಳು ಬಹುಮಂದಿ ಓದುತ್ತಿರುವರು. ಹಳ್ಳಿಯಲ್ಲಿ ಕಳೆ ಕೀಳುವವರೂ, ಹೂ ಬಿಡಿಸುವವರೂ, ಬೀಜ ಕಾಪಾಡಿ ಇಡುವವರೂ ಹೆಂಗಸರೇ. ಅವರೊಡನೆ ಅಡಿಗೆಮನೆಯ ಹೊಸ್ತಿಲಲ್ಲಿ ಕುಳಿತು ಮಾತನಾಡಲು ನಮ್ಮಂತಹ ಗಂಡಸರಿಗೆ ಎಷ್ಟೋ ವರ್ಷ ಹಿಡಿಯಿತು. ಅದು ಹೆಣ್ಣುಮಗಳಿಗೆ ಮೊದಲನೆಯ ದಿನವೇ ಸಾಧ್ಯ.

ಮೂರನೆಯದು ಓದಿನ ಕ್ರಮ. ಪದವಿಯು ನಾಲ್ಕು ವರ್ಷದ್ದು. ಬಾಗಲಕೋಟೆಯಲ್ಲಿ 2008ರಲ್ಲಿ ತೋಟಗಾರಿಕೆಗೆಂದೇ ವಿಶ್ವವಿದ್ಯಾನಿಲಯ ಸ್ಥಾಪನೆಯಾಗಿದೆ. ಅದರ ಕಾಲೇಜು ಬೆಂಗಳೂರಿನಲ್ಲಿಯೂ ಉಂಟು. ಕಡೆಯ ವರುಷದಲ್ಲಿ ವಿದ್ಯಾರ್ಥಿಗಳು ಹಳ್ಳಿಯಲ್ಲಿದ್ದುಕೊಂಡು ರೈತರೊಡನೆ ಕೆಲಸ ಮಾಡಿ ಕಲಿಯುವ ಏರ್ಪಾಡಿದೆ. ರೈತರ ಮಕ್ಕಳಿಗಾಗಿ ಸ್ಥಾನಗಳನ್ನು ಮೀಸಲಿಟ್ಟು, ಬೀಜ ಗೊಬ್ಬರ ಉಪಕರಣಗಳನ್ನು ಗುರುತಿಸುವ ಪ್ರಾಯೋಗಿಕ ಪರೀಕ್ಷೆಯನ್ನು ನಡೆಸುವರು. ಪದವಿಯವರೆಗೆ ಓದಲಾಗದ ರೈತರ ಮಕ್ಕಳಿಗೆ ಇಲಾಖೆಯು ಹತ್ತು ತಿಂಗಳ ತರಬೇತಿಯನ್ನು ಕೊಡುತ್ತದೆ. ಮುಂದೆ ಸರ್ಕಾರಿ ಕೆಲಸವೇ ದೊರೆಯುವುದೆಂದು ಯಾರೂ ಭರವಸೆ ಕೊಡಲಾರರು. ಸಸ್ಯಾಗಾರ, ಬೀಜದ ಕೆಲಸ, ಸಹಕಾರ ಸಂಘ, ಸ್ವಂತ ತೋಟ, ಹೀಗೆ ದಾರಿಗಳು ಹಲವು. ಶೀಘ್ರವಾಗಿ ಹಣವಂತರಾಗಬೇಕೆನ್ನುವವರು ಈ ಕಡೆಗೆ ಬಾರದಿರುವುದು ಲೇಸು.

ಈ ಉದ್ಯೋಗಕ್ಕೆ ಬೇಕಾದ ಗುಣಗಳು ಯಾವುವೆಂದು ಕೇಳಿದರೆ ನಾವು ಎರಡನ್ನೇ ಹೇಳುವೆವು. ಒಂದು, ತಾಳ್ಮೆ. ಗಿಡವು ನಮ್ಮ ಅವಸರಕ್ಕೆ ಹೂ ಬಿಡುವುದಿಲ್ಲ. ಎರಡು, ಹೇಳುವ ಮಾತಿಗೆ ಅಂಜಿಕೆ. ನಮ್ಮ ಒಂದು ಮಾತಿನ ಮೇಲೆ ಮತ್ತೊಬ್ಬರ ಏಳು ವರ್ಷಗಳ ಬಾಳು ನಿಂತಿದೆಯೆಂಬುದನ್ನು ಅರಿತವನು ಮಾತ್ರ ರೈತನ ಅಂಗಳಕ್ಕೆ ಕಾಲಿಡಲು ಯೋಗ್ಯನು. ಈ ಎರಡೂ ಇರುವ ಮಗನಾಗಲಿ ಮಗಳಾಗಲಿ ಮನೆಯಲ್ಲಿದ್ದರೆ ತಂದೆತಾಯಿಗಳು ಅಡ್ಡಿ ಬರಬಾರದೆಂದು ನಮ್ಮ ವಿನಂತಿ. ಕೈ ಕೆಸರಾದರೆ ಬಾಯಿ ಮೊಸರೆಂದು ನಮ್ಮವರು ಹೇಳುತ್ತ ಬಂದಿರುವರು. ಆ ಮೊಸರನ್ನು ತಾನೊಬ್ಬನೇ ಉಣ್ಣದೆ ಹತ್ತು ಮನೆಗೆ ಹಂಚುವ ಕೆಲಸವಿದು.

ಕಡೆಯದಾಗಿ ಎಲ್ಲ ವಾಚಕರಿಗೂ ಉಪಯೋಗವಾಗುವ ಒಂದು ಮಾತು. ಹಿತ್ತಲಿಗೊಂದು ಮಾವಿನ ಸಸಿಯನ್ನು ತರುವವರು, ಮಾರುವವನ ಮಾತನ್ನು ಕೇಳುವ ಮೊದಲು ಸಸಿಯ ಬುಡವನ್ನು ನೋಡಿರಿ. ಮಣ್ಣಿನಿಂದ ಗೇಣುದ್ದದೊಳಗೆ ಕಾಂಡದಲ್ಲಿ ಕಸಿಯ ಗಂಟು ಕಾಣಬೇಕು. ಅದರ ಕೆಳಗೆ ಚಿಗುರು ಇರಬಾರದು, ಮುಂದೆ ಬಂದರೂ ಚಿವುಟಿಬಿಡಬೇಕು. ಇದಿಷ್ಟನ್ನು ಮನೆಯ ಮಕ್ಕಳಿಗೂ ತೋರಿಸಿಕೊಡಿರಿ.